ಮಾಫಿ ಸಾಕ್ಷಿದಾರನ ಮಾತು ಎಷ್ಟು ನಂಬಬೇಕು?

1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು, ಕೊಂದವನು ನಾಥೂರಾಮ ಗೋಡ್ಸೆ ಎಂದು ನಮ್ಮ ಏಳನೇ ಇಯತ್ತೆಯ ಮಕ್ಕಳೂ ಹೇಳುತ್ತಾರೆ. ಆದರೆ ಸಂಚಿನಲ್ಲಿ ಇನ್ನು ಯಾರು ಯಾರು ಇದ್ದರೆಂದು ನ್ಯಾಯಾಲಯ ಹೇಗೆ ತೀರ್ಮಾನಿಸಿತು? ಇದನ್ನು ನಾವು ವರ್ಗದಲ್ಲಿ ಹೇಳುವುದು ಕಡಿಮೆ.

ಈ ಖಟ್ಲೆಯ ಮುಖ್ಯ ಸಾಕ್ಷಿ ದಿಗಂಬರ ಬಡಗೆ. ಪುಣೆಯಲ್ಲಿ 'ಶಸ್ತ್ರ ಭಂಡಾರ' ಎಂಬ ಅಂಗಡಿ ನಡೆಸುತ್ತಿದ್ದವನು. ಜನವರಿ 20ರಂದು ದೆಹಲಿಯ ಬಿರ್ಲಾ ಭವನಕ್ಕೆ ಹೋದ ಗುಂಪಿನಲ್ಲಿ ಅವನೂ ಇದ್ದ. ಅಂದು ಮದನಲಾಲ ಪಹ್ವಾ ಸ್ಫೋಟ ಮಾಡಿ ಸಿಕ್ಕಿಬಿದ್ದ, ಉಳಿದವರು ಪಾರಾದರು. ಹತ್ಯೆಯ ಮರುದಿನ ಬಡಗೆಯ ಬಂಧನವಾಯಿತು. ಜೂನ್ ತಿಂಗಳಲ್ಲಿ ಅವನಿಗೆ ಕ್ಷಮಾದಾನ ಕೊಟ್ಟು ಮಾಫಿ ಸಾಕ್ಷಿದಾರನನ್ನಾಗಿ ಮಾಡಿದರು.

ಇವನ ಉದ್ದೇಶವೇನು? ತನ್ನ ಕೊರಳು ಉಳಿಸಿಕೊಳ್ಳುವುದು. ಇದರಲ್ಲಿ ಗುಟ್ಟೇನೂ ಇಲ್ಲ. ಸರಕಾರಿ ವಕೀಲರನ್ನು ಮೆಚ್ಚಿಸಲು ಇಲ್ಲದ್ದನ್ನು ಸೇರಿಸಬಹುದೆಂಬ ಭಯ ಒಂದು ಕಡೆ. ಸುಳ್ಳು ಹೇಳಿದರೆ ಕ್ಷಮೆಯೇ ಕೈತಪ್ಪುತ್ತದೆಂಬ ಭಯ ಇನ್ನೊಂದು ಕಡೆ. ಒಂದೇ ಸ್ವಾರ್ಥ ಅವನನ್ನು ಸುಳ್ಳಿನ ಕಡೆಗೂ ಎಳೆಯುತ್ತದೆ, ಸತ್ಯದ ಕಡೆಗೂ ಎಳೆಯುತ್ತದೆ. ಹಾಗಾಗಿ ಉದ್ದೇಶವೊಂದನ್ನೇ ನೋಡಿ ಮಾತನ್ನು ಅಳೆಯಲಾಗದು.

ಕೆಂಪುಕೋಟೆಯ ವಿಶೇಷ ನ್ಯಾಯಾಲಯದ ನ್ಯಾಯಾಧೀಶ ಆತ್ಮಾ ಚರಣ ಅವರು ಏನು ಮಾಡಿದರು ನೋಡಿ. ಹಲವು ದಿನಗಳ ಪಾಟೀಸವಾಲಿನಲ್ಲಿ ಬಡಗೆ ತಡವರಿಸಲಿಲ್ಲ, ಅವನು ನಿಜ ಹೇಳುವ ಸಾಕ್ಷಿ ಎಂದೇ ಅವರಿಗೆ ಅನಿಸಿತು. ಆದರೂ ಅಷ್ಟಕ್ಕೇ ಬಿಡಲಿಲ್ಲ. ದೆಹಲಿಯ ಘಟನೆಗಳಿಗೆ ಟ್ಯಾಕ್ಸಿ ಚಾಲಕ, ಹೋಟೆಲಿನವರು ಮುಂತಾದ ಬೇರೆ ಸಾಕ್ಷಿಗಳಿದ್ದರು. ಸಾವರಕರರ ವಿಷಯ ಹಾಗಿರಲಿಲ್ಲ. ಗೋಡ್ಸೆ, ಆಪ್ಟೆ ಇಬ್ಬರೂ ಅವರ ಮನೆಯ ಮಹಡಿಗೆ ಹೋಗಿಬಂದರು, ತಾನು ಕೆಳಗೆ ಇದ್ದೆ, ಇಳಿದು ಬಂದಾಗ ಸಾವರಕರರು ಯಶಸ್ಸು ಹಾರೈಸಿದರು ಎಂದು ಬಡಗೆ ಹೇಳಿದ್ದ. ಈ ಮಾತಿಗೆ ನ್ಯಾಯಾಲಯದ ಮುಂದೆ ಬೇರೆ ಆಧಾರ ಸಾಲಲಿಲ್ಲ. ಮಾಫಿ ಸಾಕ್ಷಿಯೊಂದನ್ನೇ ನೆಚ್ಚಿಕೊಳ್ಳುವುದು ಸುರಕ್ಷಿತವಲ್ಲವೆಂದು 1949ರ ಫೆಬ್ರವರಿ 10ರ ತೀರ್ಪಿನಲ್ಲಿ ಸಾವರಕರರನ್ನು ಬಿಡುಗಡೆ ಮಾಡಿದರು. ಗೋಡ್ಸೆ, ಆಪ್ಟೆಗೆ ಮರಣದಂಡನೆಯಾಯಿತು.

ನಮ್ಮ ಸೊಲ್ಲಾಪುರದವರು ಮರೆಯಬಾರದ ಹೆಸರು ಇನ್ನೊಂದಿದೆ. ಬಡಗೆಯ ಆಳು ಶಂಕರ ಕಿಸ್ತಯ್ಯ, ಸೊಲ್ಲಾಪುರದ ಕಡೆಯ ಸುಮಾರು ಇಪ್ಪತ್ತರ ಹುಡುಗ. ಯಜಮಾನ ಹೇಳಿದ ಕೆಲಸ ಮಾಡಿದವನು. ಸಾಕ್ಷಿ ಹೇಳಿದ ಯಜಮಾನ ಮನೆಗೆ ಹೋದ, ಆಳಿಗೆ ಜೀವಾವಧಿ ಶಿಕ್ಷೆ! ಶಿಕ್ಷೆ ಕಡಿಮೆ ಮಾಡಬೇಕೆಂದು ನ್ಯಾಯಾಧೀಶರೇ ಶಿಫಾರಸು ಮಾಡಿದ್ದರು. 1949ರ ಜೂನ್‌ನಲ್ಲಿ ಶಿಮ್ಲಾದಲ್ಲಿ ಪಂಜಾಬ ಹೈಕೋರ್ಟು ಅವನನ್ನು ಪೂರ್ತಿ ಖುಲಾಸೆ ಮಾಡಿತು. ಮಾಫಿಯ ಬೆಲೆಯನ್ನು ಕೆಲವೊಮ್ಮೆ ಬೇರೆಯವರು ತೆರಬೇಕಾಗುತ್ತದೆ. ಪರೀಕ್ಷೆ ಕಟ್ಟುನಿಟ್ಟಾಗಿರಬೇಕು ಎನ್ನುವುದು ಇದಕ್ಕೇ.

1872ರ ಸಾಕ್ಷ್ಯ ಕಾಯ್ದೆ ಇಲ್ಲಿ ಎರಡು ಮಾತು ಹೇಳುತ್ತಿತ್ತು: ಅಪರಾಧದಲ್ಲಿ ಪಾಲುಗೊಂಡವನ ಒಂಟಿ ಸಾಕ್ಷ್ಯದ ಮೇಲೆ ಶಿಕ್ಷೆ ಕೊಟ್ಟರೆ ಅಷ್ಟಕ್ಕೇ ಅದು ಕಾನೂನುಬಾಹಿರವಲ್ಲ, ಆದರೆ ಸಮರ್ಥನೆಯಿಲ್ಲದ ಅವನ ಮಾತು ನಂಬಲರ್ಹವಲ್ಲವೆಂದು ನ್ಯಾಯಾಲಯ ಭಾವಿಸಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 138ನೇ ಕಲಮು, ಸಮರ್ಥನೆ ಪಡೆದ ಸಾಕ್ಷ್ಯ ಎಂದೇ ಬರೆದಿದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ನಮ್ಮ ಹಿರಿಯರು. ಇತಿಹಾಸ ಓದುವ ಮಕ್ಕಳಿಗೆ ನಾವು ಕಲಿಸಬೇಕಾದದ್ದೂ ಅದನ್ನೇ. ಹೇಳುವವನಿಗೆ ಏನು ಲಾಭ ಎಂದು ಕೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಅವನು ಕಣ್ಣಾರೆ ಕಂಡದ್ದೆಷ್ಟು, ಆ ಮಾತಿಗೆ ಬೇರೆ ಆಧಾರವೇನು ಎಂದೂ ಕೇಳಿ.