ಎಚ್‌ಎಲ್-60: ಒಂದು ಕೋಶಪಂಕ್ತಿಯ ಗುರುತಿನ ಚರಿತ್ರೆ

ಮಾನವ ದೇಹದಿಂದ ಬೇರ್ಪಡಿಸಿದ ಜೀವಕೋಶಗಳು ಪ್ರಯೋಗಾಲಯದ ಪೋಷಕ ದ್ರವದಲ್ಲಿ ಸಾಮಾನ್ಯವಾಗಿ ಕೆಲಕಾಲ ಬೆಳೆದು ನಶಿಸುತ್ತವೆ. ಹಾಗೆ ನಶಿಸದೆ ನಿರಂತರವಾಗಿ ವಿಭಜನೆಗೊಳ್ಳುವ ಕೋಶಸಮೂಹವನ್ನು ಕೋಶಪಂಕ್ತಿ ಎನ್ನುತ್ತಾರೆ. ರಕ್ತದ ಕ್ಯಾನ್ಸರಾದ ಲ್ಯುಕೇಮಿಯಾದ ಕೋಶಗಳನ್ನು ಹೀಗೆ ಬೆಳೆಸುವುದು ಬಹುಕಾಲ ಕಷ್ಟಸಾಧ್ಯವಾಗಿತ್ತು. 1960ರ ದಶಕದಲ್ಲಿ ಬೋಸ್ಟನ್‌ನಲ್ಲಿ ರೂಪುಗೊಂಡ ಸಿಸಿಆರ್‌ಎಫ್-ಸಿಇಎಂ ಹಾಗೂ 1975ರಲ್ಲಿ ಲೋಜಿಯೊದ್ವಯರು ವರದಿ ಮಾಡಿದ ಕೆ-562 ಈ ದಿಸೆಯ ಮುಖ್ಯ ಸಾಧನೆಗಳು.

1977ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಕಾಲಿನ್ಸ್, ಗ್ಯಾಲೊ ಮತ್ತು ಗ್ಯಾಲಗರ್ ಅವರು 36 ವರ್ಷದ ಮಹಿಳೆಯೊಬ್ಬರ ರಕ್ತದಿಂದ ಪಡೆದ ಎಚ್‌ಎಲ್-60 ಪಂಕ್ತಿಯನ್ನು ಪ್ರಕಟಿಸಿದರು. ಕೋಶಗಳ ಆಕಾರ ಹಾಗೂ ವರ್ಣಲೇಪನದ ಆಧಾರದ ಮೇಲೆ ಅದನ್ನು ತೀವ್ರ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ ಎಂದು ಗುರುತಿಸಲಾಯಿತು. ಪಕ್ವವಾಗದೆ ಎಳೆಯ ಹಂತದಲ್ಲಿಯೇ ನಿಂತ ಈ ಕೋಶಗಳು ಡೈಮೀಥೈಲ್ ಸಲ್ಫಾಕ್ಸೈಡ್ ಸೇರಿಸಿದಾಗ ಪಕ್ವಗೊಳ್ಳುತ್ತವೆ ಎಂಬುದು 1978ರಲ್ಲಿ ತಿಳಿದುಬಂದಿತು. 1980ರಲ್ಲಿ ಬ್ರೈಟ್‌ಮನ್ ಮತ್ತು ಸಂಗಡಿಗರು, 'ಎ' ಜೀವಸತ್ತ್ವದಿಂದ ಬರುವ ರೆಟಿನಾಯಿಕ್ ಆಮ್ಲವೂ ಇದೇ ಪರಿಣಾಮವನ್ನು ಉಂಟುಮಾಡುವುದೆಂದು ತೋರಿಸಿದರು.

ಅವರು ಅಲ್ಲಿಗೇ ನಿಲ್ಲಲಿಲ್ಲವೆಂಬುದು ಗಮನಾರ್ಹ. ರೋಗಿಗಳಿಂದ ನೇರವಾಗಿ ಪಡೆದ ಕೋಶಗಳನ್ನು ಪರೀಕ್ಷಿಸಿ, ಪ್ರೋಮೈಲೋಸೈಟಿಕ್ ಬಗೆಯ ಕೋಶಗಳು ಈ ಆಮ್ಲಕ್ಕೆ ಸ್ಪಂದಿಸುತ್ತವೆಂದು 1981ರಲ್ಲಿ ವರದಿ ಮಾಡಿದರು. 1988ರಲ್ಲಿ ಶಾಂಘೈನ ಹುವಾಂಗ್, ವಾಂಗ್ ಝೆನ್‌ಯಿ ಮತ್ತು ಸಹೋದ್ಯೋಗಿಗಳು ಆಲ್-ಟ್ರಾನ್ಸ್ ರೆಟಿನಾಯಿಕ್ ಆಮ್ಲದಿಂದ ಚಿಕಿತ್ಸೆ ಪಡೆದ 24 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಎಲ್ಲರಲ್ಲಿಯೂ ರೋಗದ ಪೂರ್ಣ ಉಪಶಮನ ಕಂಡುಬಂದಿತು. ಒಬ್ಬರಿಗೆ ಮಾತ್ರ ಇನ್ನೊಂದು ಔಷಧವನ್ನು ಸೇರಿಸಬೇಕಾಯಿತು.

ಅದೇ 1988ರಲ್ಲಿ ಡಾಲ್ಟನ್ ಮತ್ತು ಸಂಗಡಿಗರು ಮೂಲ ರೋಗಿಯ ದಾಖಲೆಗಳನ್ನು ಪುನರ್‌ಪರಿಶೀಲಿಸಿ, ಎಚ್‌ಎಲ್-60 ಪ್ರೋಮೈಲೋಸೈಟಿಕ್ ಬಗೆಯದಲ್ಲ, ಎಂ2 ವರ್ಗದ್ದು ಎಂದು ನಿರ್ಣಯಿಸಿದರು. ಪ್ರೋಮೈಲೋಸೈಟಿಕ್ ರೋಗದ ಹೆಗ್ಗುರುತಾದ 15 ಮತ್ತು 17ನೆಯ ವರ್ಣತಂತುಗಳ ಸ್ಥಾನಪಲ್ಲಟ ಈ ಪಂಕ್ತಿಯಲ್ಲಿಲ್ಲ. ಆ ಲಕ್ಷಣವುಳ್ಳ ಎನ್‌ಬಿ4 ಪಂಕ್ತಿಯನ್ನು ಫ್ರಾನ್ಸಿನ ಲಾನೊಟ್ ಮತ್ತು ಸಂಗಡಿಗರು 1991ರಲ್ಲಿ ವರದಿ ಮಾಡಿದರು.

ಹೀಗೆ, ತಪ್ಪು ಹೆಸರು ಹೊತ್ತ ಪಂಕ್ತಿಯೊಂದು ಸರಿಯಾದ ಚಿಕಿತ್ಸೆಯ ಕಡೆಗೆ ದಾರಿ ತೋರಿತು. ಇದನ್ನು ಕೇವಲ ಅದೃಷ್ಟವೆನ್ನುವುದು ಉಚಿತವಲ್ಲ. ಪಂಕ್ತಿ ಎತ್ತಿದ ಪ್ರಶ್ನೆಗೆ ರೋಗಿಗಳ ಕೋಶಗಳಲ್ಲಿಯೇ ಉತ್ತರ ಹುಡುಕಿದ ಎಚ್ಚರದಿಂದಾಗಿ ಆ ತಪ್ಪು ಚಿಕಿತ್ಸೆಯನ್ನು ದಾರಿ ತಪ್ಪಿಸಲಿಲ್ಲ. ಕೋಶಪಂಕ್ತಿಯ ಲಕ್ಷಣನಿರ್ಣಯ ಒಮ್ಮೆ ಮಾಡಿ ಮುಗಿಸುವ ಕಾರ್ಯವಲ್ಲ; ಹೊಸ ಸಾಧನಗಳು ದೊರೆತಂತೆಲ್ಲ ಅದನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ ಎಂಬುದಕ್ಕೆ ಎಚ್‌ಎಲ್-60 ಒಂದು ನಿದರ್ಶನ.