ಬಿಟ್ಟ ಬಾಣವನ್ನು ಒಯ್ಯುವುದು ಯಾವುದು?

ಭಟ್ಕಳ ತಾಲ್ಲೂಕಿನ ಹಾಡುವಳ್ಳಿ, ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆ ಒಂದು ಕಾಲಕ್ಕೆ ಜೈನ ಅರಸರ ರಾಜಧಾನಿಗಳು. ಈಗ ಅಲ್ಲಿಗೆ ಹೋದವರು ಬಸದಿಗಳನ್ನು ನೋಡಿ ಬರುತ್ತಾರೆ. ಕಣ್ಣಿಗೆ ಕಾಣದೆ ಉಳಿಯುವುದು ಅವುಗಳ ಹಿಂದಿದ್ದ ವಿದ್ಯೆ. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವೆಂಬ ವ್ಯಾಕರಣ ರಚಿಸಿದ ಭಟ್ಟಾಕಲಂಕ ಹಾಡುವಳ್ಳಿ ಮಠದ ಪರಂಪರೆಯವನು. ಜೈನರ ಮೂಲಗ್ರಂಥಗಳಲ್ಲೊಂದಾದ ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಇಂದು ನಾವು ಭೌತವಿಜ್ಞಾನಕ್ಕೆ ಬಿಟ್ಟುಕೊಟ್ಟಿರುವ ಒಂದು ಪ್ರಶ್ನೆಯನ್ನೂ ಎತ್ತಿಕೊಂಡಿದೆ: ವಸ್ತು ಚಲಿಸಲು ಏನು ಬೇಕು?

ಉತ್ತರ ವಿಚಿತ್ರವಾಗಿದೆ. ಲೋಕವನ್ನೆಲ್ಲ ‘ಧರ್ಮದ್ರವ್ಯ’ ವ್ಯಾಪಿಸಿದೆಯಂತೆ. (ಪಾಪ-ಪುಣ್ಯದ ಧರ್ಮಕ್ಕೂ ಇದಕ್ಕೂ ಸಂಬಂಧವಿಲ್ಲ.) ಅದು ಯಾವುದನ್ನೂ ತಳ್ಳುವುದಿಲ್ಲ, ಚಲಿಸುವುದಕ್ಕೆ ಆಸರೆಯಾಗುತ್ತದೆ, ಅಷ್ಟೆ. ನೀರು ಮೀನನ್ನು ದೂಡುವುದಿಲ್ಲ, ಆದರೆ ನೀರಿಲ್ಲದೆ ಮೀನು ಈಜಲಾರದು. ಕುಮಟಾದ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಲ್ಲುವುದಕ್ಕೂ ‘ಅಧರ್ಮದ್ರವ್ಯ’ದ ನೆರವು ಬೇಕು, ದಣಿದ ದಾರಿಹೋಕನಿಗೆ ಮರದ ನೆರಳಿನಂತೆ. ಚಲನೆಗಷ್ಟೇ ಅಲ್ಲದೆ ನಿಲುಗಡೆಗೂ ಕಾರಣ ಕೇಳಿದ್ದು ಈ ವಾದದ ವಿಶೇಷ.

ಜೈನರಿಗೆ ಇದು ಬರಿಯ ತರ್ಕವಾಗಿರಲಿಲ್ಲ. ಕರ್ಮ ಕಳಚಿದ ಜೀವ ಮೇಲಕ್ಕೇರುತ್ತದೆ. ಎಲ್ಲಿಯವರೆಗೆ? ಲೋಕದ ತುದಿಯವರೆಗೆ. ಅದರಾಚೆ ಧರ್ಮದ್ರವ್ಯವಿಲ್ಲ, ಆದ್ದರಿಂದ ಅಲ್ಲೇ ನೆಲೆಸುತ್ತದೆ. ಆ ದ್ರವ್ಯವನ್ನು ಅಲ್ಲಗಳೆದರೆ ಮುಕ್ತ ಜೀವಕ್ಕೆ ನಿಲ್ಲುವ ತಾಣವೇ ಇರದು.

ವೈಶೇಷಿಕ ದರ್ಶನದವರ ದಾರಿ ಬೇರೆ. ಅವರು ಹಿಡಿದದ್ದು ಬಿಲ್ಲುಬಾಣದ ಉದಾಹರಣೆ. ಹೆದೆಯ ನೂಕಿನಿಂದ ಬಾಣ ಹೊರಡುತ್ತದೆ. ಆಗ ಅದರಲ್ಲೇ ‘ವೇಗ’ವೆಂಬ ಸಂಸ್ಕಾರ ಹುಟ್ಟಿ ಮುಂದಕ್ಕೆ ಒಯ್ಯುತ್ತದೆ. ಅದು ತೀರಿದಾಗ ಗುರುತ್ವದಿಂದ ಬಾಣ ಕೆಳಗೆ ಬೀಳುತ್ತದೆ. ಅಂದರೆ ಕಾರಣ ಸುತ್ತಲಿನ ದ್ರವ್ಯದಲ್ಲಿಲ್ಲ, ಬಾಣದೊಳಗೇ ಇದೆ.

ಇದೇ ಬಾಣ ಗ್ರೀಸಿನ ಅರಿಸ್ಟಾಟಲನನ್ನೂ ಕಾಡಿತ್ತು. ಕ್ರಿ.ಪೂ. 4ನೆಯ ಶತಮಾನದ ಆತ, ಕೈಬಿಟ್ಟ ಮೇಲೆ ಬಾಣವನ್ನು ತಳ್ಳುವುದು ಸುತ್ತಲಿನ ಗಾಳಿ ಎಂದ. ಅಲೆಕ್ಸಾಂಡ್ರಿಯದ ಫಿಲೊಪೊನಸ್ 6ನೆಯ ಶತಮಾನದಲ್ಲಿ ಇದನ್ನು ಒಪ್ಪಲಿಲ್ಲ. ಎಸೆಯುವವನು ಶಕ್ತಿಯನ್ನು ವಸ್ತುವಿಗೇ ಕೊಡುತ್ತಾನೆ ಎಂದು ವಾದಿಸಿದ. ವೈಶೇಷಿಕರ ವೇಗಕ್ಕೆ ಇದು ಬಹಳ ಹತ್ತಿರದ ಮಾತು.

ಇಷ್ಟನ್ನು ಹಿಡಿದು ‘ನ್ಯೂಟನ್‌ಗಿಂತ ಮೊದಲೇ ನಮ್ಮವರು ಹೇಳಿದ್ದರು’ ಎಂದು ಬೀಗುವುದು ಸಲ್ಲದು. 1687ರಲ್ಲಿ ನ್ಯೂಟನ್ ಪ್ರಶ್ನೆಯನ್ನೇ ಬದಲಿಸಿದ. ನೇರವಾಗಿ, ಒಂದೇ ವೇಗದಲ್ಲಿ ಸಾಗುವುದಕ್ಕೆ ಧರ್ಮದ್ರವ್ಯವೂ ಬೇಡ, ಸಂಸ್ಕಾರವೂ ಬೇಡ. ಚಲನೆ ಬದಲಾಗುವುದಕ್ಕೆ ಮಾತ್ರ ಬಲ ಬೇಕು. ಬಾಣವನ್ನು ಕೆಳಗೆಳೆಯುವುದು ಭೂಮಿ. ಅರಿಸ್ಟಾಟಲ್ ನಂಬಿದ ಗಾಳಿಯೋ, ಅದನ್ನು ತಳ್ಳುವುದಿರಲಿ, ತಡೆಯುತ್ತದೆ.