ಶಾಂಘೈ ಓಣಿಯ ತಂತಿಗಳು

ಇನ್ನೂ ಬೆಳಕು ಹರಿದಿರಲಿಲ್ಲ. ಶಾಂಘೈ ನಗರದ ಇಕ್ಕಟ್ಟಾದ ಓಣಿಯೊಂದರಲ್ಲಿ ಹದಿನೈದು ಮಂದಿ ಪೊಲೀಸರು ಪಿಸ್ತೂಲು ಹಿಡಿದು ಸದ್ದಿಲ್ಲದೆ ಸಾಗುತ್ತಿದ್ದರು. ಅವರು ನುಗ್ಗಬೇಕಾಗಿದ್ದ ಮನೆಯಲ್ಲಿ ಅಪರಾಧಿಗಳ ಗುಂಪೊಂದು ಅಡಗಿತ್ತು. ಆ ಮನೆಗೆ ಬೇರೆ ದಾರಿ ಇರಲಿಲ್ಲ. ಯಾವ ಗಳಿಗೆಯಲ್ಲಾದರೂ ಎದುರಿನಿಂದ ಗುಂಡು ಬರಬಹುದಿತ್ತು. ದಾಳಿ ಮುಗಿಯಿತು, ಬೆಳಗಾಯಿತು. ಅದೇ ಓಣಿಯಲ್ಲಿ ಹಿಂದಿರುಗುವಾಗ ನೋಡಿದರೆ, ಮುಖದ ಎತ್ತರಕ್ಕೆ ಅಲ್ಲಲ್ಲಿ ದಪ್ಪ ತಂತಿಗಳನ್ನು ಅಡ್ಡಡ್ಡ ಕಟ್ಟಿದ್ದಾರೆ! ಒಬ್ಬೊಬ್ಬರೂ ತಲೆ ಬಗ್ಗಿಸಿಯೇ ದಾಟಬೇಕಾಯಿತು. ಹೋಗುವಾಗ ಆ ತಂತಿಗಳನ್ನು ಕಂಡ ನೆನಪು ಒಬ್ಬರಿಗೂ ಇಲ್ಲ, ಬಗ್ಗಿದ ನೆನಪೂ ಇಲ್ಲ. ತಾವು ಹೋದಮೇಲೆ ಯಾರೋ ಕಟ್ಟಿರಬೇಕೆಂದು ವಿಚಾರಿಸಿದರೆ, ಅವು ಬಣ್ಣ ಹಾಕಿದ ಉಣ್ಣೆಯ ಲಡಿಗಳನ್ನು ಒಣಗಿಸಲು ಕಟ್ಟಿದ ತಂತಿಗಳೆಂದೂ, ವಾರಕ್ಕೂ ಹಿಂದಿನಿಂದ ಅಲ್ಲೇ ಇದ್ದವೆಂದೂ ತಿಳಿಯಿತು.

ಅಂದರೆ ಹದಿನೈದು ಜನರೂ ತಮಗೇ ಅರಿವಿಲ್ಲದೆ ಕುಗ್ಗಿ ನಡೆದಿದ್ದರು. ಯಾರ ಅಪ್ಪಣೆಯೂ ಇಲ್ಲದೆ ಭಯವೇ ಅವರನ್ನು ಬಗ್ಗಿಸಿತ್ತು.

ಈ ಪ್ರಸಂಗ ಬರುವುದು 1942ರಲ್ಲಿ ಪ್ರಕಟವಾದ 'ಶೂಟಿಂಗ್ ಟು ಲಿವ್' ಎಂಬ ಸಣ್ಣ ಪುಸ್ತಕದಲ್ಲಿ. ಬರೆದವರು ಶಾಂಘೈ ಪೊಲೀಸ್ ಪಡೆಯಲ್ಲಿ ಕೆಲಸ ಮಾಡಿದ್ದ ವಿಲಿಯಂ ಫೇರ್‌ಬೇರ್ನ್ ಮತ್ತು ಎರಿಕ್ ಸೈಕ್ಸ್. ಪಿಸ್ತೂಲಿನ ಬಗ್ಗೆ ನನಗೆ ಪ್ರೀತಿಯೇನೂ ಇಲ್ಲ. ಆದರೆ ಅಪಾಯ ಎದುರಾದಾಗ ಮನುಷ್ಯನ ಮೈ ಅವನ ಮಾತನ್ನು ಎಷ್ಟು ಕೇಳುತ್ತದೆ ಎಂಬುದನ್ನು ಇಷ್ಟು ಚಿಕ್ಕದಾಗಿ ಹೇಳಿದ ಇನ್ನೊಂದು ಪ್ರಸಂಗವನ್ನು ನಾನು ಓದಿಲ್ಲ. ಆತ್ಮರಕ್ಷಣೆಯ ತರಗತಿಗಳ ಮಾತು ಬಂದಾಗಲೆಲ್ಲ ನನಗೆ ಆ ತಂತಿಗಳೇ ನೆನಪಾಗುತ್ತವೆ.

ಫೇರ್‌ಬೇರ್ನ್ ಹುಟ್ಟಿದ್ದು 1885ರಲ್ಲಿ, ಇಂಗ್ಲೆಂಡಿನ ರಿಕ್ಮನ್ಸ್‌ವರ್ತ್‌ನಲ್ಲಿ. ಮೀಸೆ ಮೂಡುವ ಮೊದಲೇ ನೌಕಾಪಡೆಯ ಮರೀನ್ ಸಿಪಾಯಿಯಾಗಿ ಸೇರಿ ಕೊರಿಯಾ ಕಂಡು, 1907ರಲ್ಲಿ ಶಾಂಘೈ ಪೊಲೀಸ್ ಪಡೆಗೆ ಬಂದ. ಆಗಿನ ಶಾಂಘೈ ಒಂದೇ ಊರಾಗಿರಲಿಲ್ಲ. ನಡುವಿನ 'ಅಂತರರಾಷ್ಟ್ರೀಯ ವಸಾಹತು' ಎಂಬ ಭಾಗವನ್ನು ವಿದೇಶಿ ವ್ಯಾಪಾರಸ್ಥರ ನಗರಸಭೆ ಆಳುತ್ತಿತ್ತು. ಅದಕ್ಕೆ ತನ್ನದೇ ಪೊಲೀಸರು: ಮೇಲೆ ಬ್ರಿಟಿಷ್ ಅಧಿಕಾರಿಗಳು, ಕೆಳಗೆ ಚೀನೀ ಪೇದೆಗಳು, ಪಂಜಾಬಿನಿಂದ ಕರೆತಂದ ಸಿಖ್ಖರು. ಅಫೀಮು, ಜೂಜು, ಅಪಹರಣ, ಹಾಡಹಗಲ ದರೋಡೆ ಎಲ್ಲವೂ ಇದ್ದ ಊರು. ಬಂದ ಹೊಸದರಲ್ಲಿ ರಾತ್ರಿ ಗಸ್ತಿನಲ್ಲಿದ್ದ ಫೇರ್‌ಬೇರ್ನ್‌ನನ್ನು ಒಂದು ಗುಂಪು ಸಾಯುವಂತೆ ಬಡಿದು ಹೋಯಿತೆಂದೂ, ಆಸ್ಪತ್ರೆಯಿಂದ ಎದ್ದವನು ಒಕಾಡ ಎಂಬ ಜಪಾನಿ ಗುರುವಿನ ಬಳಿ ಜುಜುತ್ಸು ಕಲಿಯಲು ಹೋದನೆಂದೂ ಹೇಳುತ್ತಾರೆ. ಇಂಥ ಕತೆಗಳು ಹೇಳುತ್ತಾ ಹೇಳುತ್ತಾ ಬೆಳೆಯುತ್ತವೆ. ಆದರೆ ಆತ ಕಲಿತದ್ದು ನಿಜ. ಮುಂದೆ ಟೋಕಿಯೊದ ಕೊಡೊಕಾನ್ ಜೂಡೊ ಶಾಲೆಯ ಕಪ್ಪು ಪಟ್ಟಿಯೂ ಸಿಕ್ಕಿತು.

ಇಷ್ಟೇ ಆಗಿದ್ದರೆ ಆತ ಒಬ್ಬ ಒಳ್ಳೆಯ ಪಟುವಾಗಿ ಉಳಿಯುತ್ತಿದ್ದ. ಆದರೆ ಬೀದಿಯಲ್ಲಿ ಆದದ್ದನ್ನು ಬರೆದಿಟ್ಟು, ಕಲಿಸುವ ಅಂಗಳದ ಜೊತೆ ಹೋಲಿಸಿ ನೋಡುವ ಅಭ್ಯಾಸ ಅವನಿಗಿತ್ತು. ಪುಸ್ತಕ ಕೊಡುವ ಲೆಕ್ಕದಂತೆ ಹನ್ನೆರಡೂವರೆ ವರ್ಷಗಳಲ್ಲಿ ಆ ಪಡೆ ಆಯುಧ ಹಿಡಿದ ಅಪರಾಧಿಗಳನ್ನು 666 ಬಾರಿ ಎದುರಿಸಿತ್ತು. ಅಭ್ಯಾಸದ ಮೈದಾನದಲ್ಲಿ ಪೊಲೀಸ್ ನೆಟ್ಟಗೆ ನಿಲ್ಲುತ್ತಾನೆ, ಕೈ ಚಾಚುತ್ತಾನೆ, ಒಂದು ಕಣ್ಣು ಮುಚ್ಚಿ ದೂರದ ಗುರಿಹಲಗೆಯ ಕಪ್ಪು ಚುಕ್ಕಿಗೆ ಪಿಸ್ತೂಲಿನ ತುದಿ ಸರಿಹೊಂದಿಸಿ, ಉಸಿರು ಹಿಡಿದು ನಿಧಾನವಾಗಿ ಟ್ರಿಗರ್ ಒತ್ತುತ್ತಾನೆ. ಓಣಿಯಲ್ಲಿ ಆಗುವುದು ಬೇರೆ. ಎದುರಾಳಿ ಇರುವುದು ನಾಲ್ಕಾರು ಹೆಜ್ಜೆ ದೂರದಲ್ಲಿ. ಬೆಳಕಿಲ್ಲ. ಇಬ್ಬರೂ ಚಲಿಸುತ್ತಿರುತ್ತಾರೆ. ಬೆರಳುಗಳು ಮರಗಟ್ಟಿ ಹಿಡಿಕೆಯನ್ನು ಬಿಗಿಯಾಗಿ ಕಚ್ಚಿಕೊಂಡಿರುತ್ತವೆ. ಕಣ್ಣು ಎದುರಿನವನ ಮೇಲೆಯೇ ನೆಟ್ಟಿರುತ್ತದೆ, ಪಿಸ್ತೂಲಿನ ತುದಿಯತ್ತ ಬಾ ಎಂದರೆ ಬರುವುದಿಲ್ಲ. ಸೊಂಟ, ಮೊಣಕಾಲು ಎಲ್ಲ ತಾವಾಗಿ ಬಾಗಿರುತ್ತವೆ.

ಭಯವನ್ನು ಗೆಲ್ಲಿರಿ ಎಂದು ಹೇಳುವುದು ಸುಲಭ. ಫೇರ್‌ಬೇರ್ನ್ ಹಾಗೆ ಹೇಳದೆ, ಭಯ ಮೈಯನ್ನು ಏನು ಮಾಡುತ್ತದೋ ಅದನ್ನೇ ಪಾಠದ ಬುನಾದಿ ಮಾಡಿಕೊಂಡ. ಹೇಗೂ ಕುಗ್ಗುತ್ತೀರಿ, ಹಾಗಾದರೆ ಕುಗ್ಗಿಯೇ ಅಭ್ಯಾಸ ಮಾಡಿ. ಹೇಗೂ ಬಿಗಿಯಾಗಿ ಹಿಡಿಯುತ್ತೀರಿ, ಇಡೀ ಮುಷ್ಟಿಯಿಂದಲೇ ಒತ್ತಿ. ಎರಡೂ ಕಣ್ಣು ತೆರೆದಿರಲಿ. ಪಿಸ್ತೂಲಿನ ಸೇಫ್ಟಿ ಕ್ಯಾಚ್ ಕೆಲಸ ಮಾಡದಂತೆ ಪಿನ್ ಹಾಕಿ ಕೂರಿಸಿದರು, ಏಕೆಂದರೆ ಗಾಬರಿಯಲ್ಲಿ ಅದನ್ನು ಸರಿಸಲು ಮರೆಯುವುದೇ ಹೆಚ್ಚು. ಅದಕ್ಕೆ ಬದಲಾಗಿ ಗುಂಡಿನ ಗೂಡು ಖಾಲಿ ಇಟ್ಟುಕೊಂಡು, ಹೊರತೆಗೆದ ಕೂಡಲೇ ಸ್ಲೈಡ್ ಎಳೆದು ಗುಂಡೇರಿಸುವ ಒಂದೇ ದೊಡ್ಡ ಚಲನೆಯನ್ನು ಕೈಗೆ ರೂಢಿ ಮಾಡಿಸಿದರು. ಗುರಿ ಅಭ್ಯಾಸಕ್ಕೆ ಕತ್ತಲು, ಮೆಟ್ಟಿಲು, ಅನಿರೀಕ್ಷಿತ ಸದ್ದು, ಥಟ್ಟನೆ ಎದ್ದು ನಿಲ್ಲುವ ಆಕೃತಿಗಳನ್ನು ಸೇರಿಸಿದರು. ಒಳಗೆ ಏನು ಕಾದಿದೆ ಎಂದು ಕಲಿಯುವವನಿಗೆ ಮೊದಲೇ ತಿಳಿಸುವಂತಿಲ್ಲ.

ಮಾನಸಿಕ ಸಿದ್ಧತೆ ಎಂದಾಗ ನಮಗೆ ಧ್ಯಾನಸ್ಥ ಸಮುರಾಯ್ ನೆನಪಾಗುತ್ತಾನೆ, ಅಥವಾ ಸಿನಿಮಾ ನಾಯಕನ ತಣ್ಣನೆಯ ನೋಟ. ಶಾಂಘೈನಲ್ಲಿ ಆದದ್ದು ಅದಕ್ಕಿಂತ ವಿನಯದ ಕೆಲಸ. ನಾನು ಆ ಹೊತ್ತಿನಲ್ಲಿ ಈಗಿನಷ್ಟು ಜಾಣನಾಗಿರುವುದಿಲ್ಲ, ನನ್ನ ಕೈ ಇಷ್ಟು ಚುರುಕಾಗಿರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡು ಸಿದ್ಧವಾಗುವುದು. ಬರಿಗೈ ಹೋರಾಟದಲ್ಲೂ ಹೀಗೇ ಆಯಿತು. 1926ರಲ್ಲಿ ಆತ ಪ್ರಕಟಿಸಿದ 'ಡಿಫೆಂಡು' ಎಂಬ ಪುಸ್ತಕದ ತುಂಬ ಹಿಡಿತಗಳು, ತಿರುಚುಗಳು, ಎಸೆತಗಳು. 1942ರ 'ಆಲ್-ಇನ್ ಫೈಟಿಂಗ್' ಹೊತ್ತಿಗೆ ಮುಂದೆ ಬಂದು ನಿಂತವು ಕೆಲವೇ ಪೆಟ್ಟುಗಳು: ಅಂಗೈ ಬುಡದಿಂದ ಗದ್ದಕ್ಕೆ, ಅಂಗೈ ಅಂಚಿನಿಂದ ಕತ್ತಿಗೆ, ಮೊಣಕಾಲು, ಬೂಟುಗಾಲು. ಬಿಗಿದ ಮುಷ್ಟಿಯಿಂದ ದವಡೆಗೆ ಗುದ್ದಿದರೆ ಮುರಿಯುವುದು ಹೆಚ್ಚಾಗಿ ನಮ್ಮ ಬೆರಳೇ, ಅದಕ್ಕೇ ಅಂಗೈ. ವರ್ಷ ಕಳೆದಂತೆ ವಿದ್ಯೆ ಬೆಳೆಯುತ್ತದೆ ಎಂದುಕೊಳ್ಳುತ್ತೇವೆ. ಇಲ್ಲಿ ಅದು ಸೊರಗುತ್ತಾ ಬಂತು.

ಅಖಾಡದಲ್ಲಿ ಇಬ್ಬರಿಗೂ ಕುಸ್ತಿ ಇದೆಯೆಂದು ಗೊತ್ತಿರುತ್ತದೆ. ಬೀದಿಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿರುತ್ತದೆ. ಜನ ಎಡವುವುದು ಬಹುಪಾಲು ಇಲ್ಲೇ ಎಂದು ನನ್ನ ಲೆಕ್ಕ. ಇದು ಹೊಡೆದಾಟವೇ ಅಲ್ಲ ಎಂದುಕೊಳ್ಳುತ್ತಾ, ಮರ್ಯಾದೆ ನೋಡುತ್ತಾ, ಅಪರಿಚಿತನನ್ನು ಕೈಗೆಟಕುವಷ್ಟು ಹತ್ತಿರ ಬರಗೊಡುತ್ತಾರೆ. ಆಮೇಲೆ ಎಚ್ಚೆತ್ತಾಗ ಆಯ್ಕೆಗಳೇ ಉಳಿದಿರುವುದಿಲ್ಲ. ಇದು ಬರಿಗೈಯವರ ತಪ್ಪು ಮಾತ್ರವಲ್ಲ. ಬಂದೂಕು ಹಿಡಿದವರೂ ಇದನ್ನೇ ಮಾಡುತ್ತಾರೆ, ಆಗ ಸಾಯುವವರು ಬೇರೆಯವರು.

1925ರ ಮೇ 15ರಂದು ಶಾಂಘೈನ ಜಪಾನಿ ಹತ್ತಿ ಗಿರಣಿಯೊಂದರಲ್ಲಿ ಗು ಝೆಂಗ್‌ಹಾಂಗ್ ಎಂಬ ಕಾರ್ಮಿಕನಿಗೆ ಗುಂಡೇಟು ಬಿತ್ತು, ಆತ ಉಳಿಯಲಿಲ್ಲ. ಮೇ 30ರಂದು ಪ್ರತಿಭಟನೆಗಿಳಿದ ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದು ನಾನ್‌ಕಿಂಗ್ ರಸ್ತೆಯ ಲೌಝಾ ಠಾಣೆಗೆ ತಂದರು. ಅವರನ್ನು ಬಿಡಿ ಎಂದು ಠಾಣೆಯ ಎದುರು ಜನ ಸೇರುತ್ತಾ ಹೋದರು. ಠಾಣೆಯಲ್ಲಿದ್ದ ಪೇದೆಗಳು ಬೆರಳೆಣಿಕೆಯಷ್ಟು. ಗುಂಪು ಬಾಗಿಲ ಹತ್ತಿರಕ್ಕೆ ಬಂದಾಗ ಇನ್ಸ್‌ಪೆಕ್ಟರ್ ಎವರ್ಸನ್ ಕೂಗಿ ಎಚ್ಚರಿಕೆ ಕೊಟ್ಟ. ಆ ಗದ್ದಲದಲ್ಲಿ ಎಷ್ಟು ಜನರಿಗೆ ಕೇಳಿಸಿತೋ. ಕೆಲವೇ ಸೆಕೆಂಡುಗಳಲ್ಲಿ ಸಿಖ್ ಮತ್ತು ಚೀನೀ ಪೇದೆಗಳಿಗೆ ಗುಂಡು ಹಾರಿಸುವ ಅಪ್ಪಣೆಯಾಯಿತು. ಕನಿಷ್ಠ ಒಂಬತ್ತು ಜನ ಸತ್ತರು. ಮುಷ್ಕರ ಇಡೀ ಶಾಂಘೈಗೆ ಹಬ್ಬಿ, ಅಲ್ಲಿಂದ ಚೀನಾದ ಬೇರೆ ನಗರಗಳಿಗೂ ಹರಡಿತು.

ಠಾಣೆಗೆ ನುಗ್ಗುತ್ತಾರೆ ಎಂಬುದು ಎವರ್ಸನ್‌ನ ಸಮರ್ಥನೆ. ಅವನ ಕಣ್ಣಿಗೆ ಅದು ಆತ್ಮರಕ್ಷಣೆಯೇ. ಆ ಭಯ ಸುಳ್ಳೆಂದು ನಾನು ಹೇಳಲಾರೆ. ಆದರೆ ಗುಂಪು ಬಾಗಿಲಿಗೆ ಬರುವತನಕ ಕಳೆದ ಹೊತ್ತು, ಆಮೇಲೆ ಒಮ್ಮೆಲೇ ಬಂದ ಆ ಒಂದೇ ನಿರ್ಧಾರ, ನಡುವೆ ಬೇರೇನೂ ಇರಲಿಲ್ಲ. ಸುಮ್ಮನಿರುವುದು ಮತ್ತು ಕೊಲ್ಲುವುದು, ಎರಡೇ ಪಾಠ ಬರುತ್ತಿದ್ದ ಪಡೆ ಭಯಪಟ್ಟಿತ್ತು. ಗಲಭೆಗಳನ್ನು ಎದುರಿಸಲೆಂದೇ ಒಂದು ಮೀಸಲು ಪಡೆಯನ್ನು ಕಟ್ಟಿ ತರಬೇತು ಮಾಡುವ ಹೊಣೆ ಫೇರ್‌ಬೇರ್ನ್‌ಗೆ ಬಂದದ್ದು ಇದಾದ ಮೇಲೆ.

ಇಲ್ಲಿ ನನ್ನನ್ನು ಬಾಧಿಸುವ ಇನ್ನೊಂದು ಪ್ರಶ್ನೆಯಿದೆ. ಇನ್ನೊಬ್ಬರ ಊರಿನಲ್ಲಿ ಬಂದೂಕು ಹಿಡಿದು ನಿಂತವನ ಆತ್ಮರಕ್ಷಣೆ ಎಷ್ಟು ದೂರ ಆತ್ಮರಕ್ಷಣೆ? ಶಾಂಘೈ ಜನ ಕೆಂಪು ಪೇಟದ ಸಿಖ್ಖರನ್ನು ಹೀಯಾಳಿಸಿ ಕರೆಯುತ್ತಿದ್ದರು. ಆ ಪೇದೆಗಳು ಹೊಟ್ಟೆಪಾಡಿಗೆ ಸಮುದ್ರ ದಾಟಿ ಬಂದವರು, ತಮ್ಮ ಊರಿನಲ್ಲೂ ಅದೇ ಬ್ರಿಟಿಷರ ಕೈಕೆಳಗಿದ್ದವರು. ಜಲಿಯನ್‌ವಾಲಾ ಬಾಗ್ ನಡೆದು ಆಗಿನ್ನೂ ಆರು ವರ್ಷ. ಫೇರ್‌ಬೇರ್ನ್‌ನ ಪುಸ್ತಕಗಳಲ್ಲಿ ನಾವು ಮೆಚ್ಚುವ ಆ ಸ್ಪಷ್ಟತೆ ಹುಟ್ಟಿದ್ದು ಈ ಓಣಿಗಳಲ್ಲೇ, ಆ ಶವಗಳ ನಡುವೆಯೇ. ಅದನ್ನು ಪಕ್ಕಕ್ಕಿಟ್ಟು ಬರೀ ತಂತ್ರವನ್ನು ಎತ್ತಿಕೊಳ್ಳಲು ನನಗೆ ಆಗುವುದಿಲ್ಲ. ಹಾಗೆಂದು ತಂತ್ರವನ್ನು ಬಿಸಾಡಲೂ ಮನಸ್ಸಿಲ್ಲ.

1940ರಲ್ಲಿ ಆತ ಶಾಂಘೈ ಬಿಟ್ಟ. ಯುದ್ಧ ನಡೆಯುತ್ತಿತ್ತು. ಸ್ಕಾಟ್ಲೆಂಡಿನ ಲೋಖೈಲಾರ್ಟ್‌ನಲ್ಲಿ, ಆಮೇಲೆ ಕೆನಡಾದಲ್ಲಿ, ಶತ್ರುಪಾಳೆಯದೊಳಗೆ ನುಸುಳುವ ಸೈನಿಕರಿಗೂ ಗೂಢಚಾರರಿಗೂ ಪಾಠ ಹೇಳಿದ. ಸೈಕ್ಸ್ ಜೊತೆ ಸೇರಿ ರೂಪಿಸಿದ ಕಠಾರಿಗೆ ಇಬ್ಬರ ಹೆಸರೂ ನಿಂತಿತು. ಕಾವಲುಗಾರನನ್ನು ಹಿಂದಿನಿಂದ ಹಿಡಿದು ಕೊಲ್ಲುವ ಆ ವಿದ್ಯೆಯನ್ನು ಆತ್ಮರಕ್ಷಣೆ ಎನ್ನಲು ಸಾಧ್ಯವಿಲ್ಲ. ಅದಕ್ಕೆ ಅವನೇ ಇಟ್ಟ ಹೆಸರು ಚರಂಡಿ ಹೋರಾಟ.

ಅದೇ 1942ರಲ್ಲಿ ಅವನದೇ ಇನ್ನೊಂದು ತೆಳ್ಳನೆಯ ಪುಸ್ತಕ ಬಂತು, ಹೆಂಗಸರಿಗೆ ಮತ್ತು ಹುಡುಗಿಯರಿಗೆ. ಅದರಲ್ಲಿ ಕಠಾರಿ ಇಲ್ಲ. ಮಣಿಕಟ್ಟು ಹಿಡಿದವನಿಂದ ಬಿಡಿಸಿಕೊಳ್ಳುವುದು ಹೇಗೆ ಎಂಬುದಿದೆ. ಸಿನಿಮಾ ಮಂದಿರದಲ್ಲಿ ಪಕ್ಕದ ಸೀಟಿನವನ ಕೈ ಮೊಣಕಾಲಿನ ಮೇಲೆ ಬಂದರೆ ಏನು ಮಾಡಬೇಕೆಂಬ ಪಾಠವೂ ಇದೆ. ದರೋಡೆಕೋರರ ಗುಂಡಿಗೆ ಎದುರಾಗಿ ಕಲಿತವನು ಆ ಕೈಯನ್ನೂ ಸಣ್ಣ ವಿಷಯ ಎಂದುಕೊಳ್ಳಲಿಲ್ಲ. ನಾನು ಬಲ್ಲ ಹಲವು ಹೆಂಗಸರು ಅಂಥ ಒಂದು ಕೈಯ ಕತೆ ಹೇಳಿದ್ದಾರೆ: ಬಸ್ಸಿನಲ್ಲಿ, ಜಾತ್ರೆಯಲ್ಲಿ, ಮದುವೆ ಮನೆಯಲ್ಲಿ. ಪ್ರತಿಸಲವೂ ಕೊನೆಯಲ್ಲಿ ಅವರು ಹೇಳುವುದು ಒಂದೇ, ಆಗ ಕೈಕಾಲೇ ಆಡಲಿಲ್ಲ ಎಂದು. ಹೇಳುವಾಗ ಅವರ ದನಿಯಲ್ಲಿ ಏನೋ ತಪ್ಪು ಮಾಡಿದ ಅಳುಕಿರುತ್ತದೆ. ಈಚೆಗೆ ನಾನು ಅವರಿಗೆ ಆ ಹದಿನೈದು ಪೊಲೀಸರ ಕತೆ ಹೇಳುತ್ತೇನೆ.